ಮೊಲದ ಗೂಡಿಗೆ ಕಡಿಯೋಕಾಗದ ನೆಲ: ಟೈಲ್ಸಾ, ಕಡಪಾನಾ, ಪಿವಿಸಿ ಶೀಟಾ?

ಕಿವಿಯುದ್ದ (ಬೆಂಗಳೂರು)

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಎರಡು ಮೊಲ ಇವೆ, ಜೋಡಿ, ಎರಡಕ್ಕೂ ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಬಾಡಿಗೆ ಫ್ಲಾಟು, ಎರಡನೇ ಮಹಡಿ. ಅಡುಗೆಮನೆ ಹಿಂದೆ ಯುಟಿಲಿಟಿ ಜಾಗ ಇದೆ, 4 ಅಡಿ ಅಗಲ, 7 ಅಡಿ ಉದ್ದ. ಅದನ್ನ ಪೂರ್ತಿ ಇವಕ್ಕೇ ಬಿಟ್ಟುಕೊಡೋಣ ಅಂತ ಮನೇಲಿ ತೀರ್ಮಾನ ಆಯ್ತು. ಈಗ ಪ್ರಶ್ನೆ ನೆಲದ್ದು.

ಸದ್ಯ ಅಲ್ಲಿರೋದು ನುಣುಪು ವಿಟ್ರಿಫೈಡ್ ಟೈಲ್ಸ್. ಗಂಡು ಓಡಕ್ಕೆ ಹೋದ್ರೆ ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರುತ್ತೆ. ಅದಕ್ಕೇ ಮಕ್ಕಳ ಎಬಿಸಿಡಿ ಫೋಮ್ ಮ್ಯಾಟ್ ಜೋಡಿಸಿದ್ವಿ. ಹೆಣ್ಣು ಮೂಲೆಯಿಂದ ಶುರು ಹಚ್ಕೊಂಡು ಝಡ್, ವೈ, ಎಕ್ಸ್ ಮುಗಿಸಿ ಈಗ ಡಬ್ಲ್ಯೂ ಹತ್ರ ಬಂದಿದೆ. ಪಿವಿಸಿ ಶೀಟ್ ಹಾಕು ಅಂತ ಒಬ್ರು, ಪ್ಲೈವುಡ್ ಅಂತ ಇನ್ನೊಬ್ರು. ಪೆಟ್ ಶಾಪ್‌ನವನು ಮಾತ್ರ ತಂತಿ ಜಾಲರಿ ಕೇಜೇ ಬೆಸ್ಟು, ಕ್ಲೀನಿಂಗ್ ಸುಲಭ ಅಂತಾನೆ.

ನನಗೆ ಬೇಕಾದ್ದು ಇಷ್ಟೇ: ಕಡಿಯೋಕೆ ಆಗಬಾರದು, ಉಚ್ಚೆ ಒಳಗೆ ಇಳೀಬಾರದು, ಜಾರಬಾರದು, ಮನೆ ಖಾಲಿ ಮಾಡೋವಾಗ ಓನರ್ ಕೈಲಿ ಬೈಸ್ಕೋಬಾರದು. ಇಂಥದ್ದೊಂದು ಎಲ್ಲಾದ್ರೂ ಇದೆಯಾ?

ಗರಿಕೆಹುಲ್ಲು (ಮೈಸೂರು)

ಮೊದಲು ಆ ಫೋಮ್ ಮ್ಯಾಟನ್ನ ಇವತ್ತೇ ಎತ್ತಿಬಿಡಿ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ. ಹೊಟ್ಟೆಗೆ ಹೋದದ್ದು ಇನ್ನೊಂದು ತುದಿಯಿಂದಲೇ ಆಚೆ ಬರಬೇಕು, ಫೋಮು ಬರದೇ ಅಲ್ಲೇ ಕಟ್ಟಿಕೊಂಡ್ರೆ ಕರುಳು ನಿಂತುಹೋಗುತ್ತೆ. ಹಿಕ್ಕೆ ಸಣ್ಣದಾಗಿದೆಯಾ, ಕಡಿಮೆಯಾಗಿದೆಯಾ ನೋಡ್ತಾ ಇರಿ. ಹುಲ್ಲು ಮುಟ್ಟೋದು ಬಿಟ್ರೆ ನಾಳೆ ನೋಡೋಣ ಅನ್ನದೆ ಅವತ್ತೇ ಡಾಕ್ಟರ್ ಹತ್ರ ಹೋಗಿ.

ಇನ್ನು ನೆಲದ ವಿಷಯ. ಯಾವ ಮೆಟೀರಿಯಲ್ ಅಂತ ಎಲ್ಲರೂ ಕೇಳ್ತಾರೆ. ನಾನು ಅಂಚು ಎಲ್ಲಿದೆ ಅಂತ ಕೇಳ್ತೀನಿ. ನಿಮ್ಮ ಮ್ಯಾಟನ್ನೇ ನೋಡಿ, ನಡುವಿನ ಅಕ್ಷರಕ್ಕೆ ಬಾಯಿ ಹಾಕದೆ ಮೂಲೆಯಿಂದ ಯಾಕೆ ಶುರು ಮಾಡ್ತು? ಮೊಲದ ಮುಂದಿನ ಹಲ್ಲು ಉಳಿ ಇದ್ದಂಗೆ, ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಏನಾದ್ರೂ ಸಿಕ್ಕಿದ್ರೆ ಮಾತ್ರ ಕತ್ತರಿಸುತ್ತೆ. ಸಪಾಟು ನೆಲದ ಮಧ್ಯೆ ಅದಕ್ಕೆ ಹಿಡಿಯೋಕೆ ಏನೂ ಇಲ್ಲ. ಜಾಯಿಂಟು, ಮೂಲೆ, ಮೇಲೆದ್ದ ಸೀಮು, ಬಾಗಿಲ ಹತ್ರ ಮುಗಿಯೋ ತುದಿ, ಸ್ಕರ್ಟಿಂಗಿನ (ಗೋಡೆ ಬುಡದ ಟೈಲ್ಸ್ ಪಟ್ಟಿ) ಮೇಲಂಚು, ಇವೇ ಅದರ ಟಾರ್ಗೆಟ್ಟು. ಉಗುರಲ್ಲಿ ಕೆರೆದೂ ಕೆರೆದೂ ಒಂದು ಸಣ್ಣ ಸಿಪ್ಪೆ ಎಬ್ಬಿಸಿದ್ರೆ ಆಮೇಲೆ ಹಲ್ಲಿನ ಕೆಲಸ. ಆ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೀತಾನೇ ಇರುತ್ತೆ, ಸವೀತು ಅನ್ನೋ ಚಿಂತೆ ಅದಕ್ಕಿಲ್ಲ.

ಅದಕ್ಕೇ ನನ್ನ ಲೆಕ್ಕದಲ್ಲಿ ಮೊಲಕ್ಕೆ ಎರಡು ನೆಲ ಬೇಕು. ಕೆಳಗೆ ಅಂಚೇ ಸಿಗದಂಥ ಗಟ್ಟಿ ನೆಲ: ಕಲ್ಲು, ಟೈಲ್ಸ್, ಸಿಮೆಂಟು, ಯಾವುದಾದ್ರೂ ಸರಿ. ಮೇಲೆ ಕಡಿದ್ರೂ ತಿಂದ್ರೂ ತೊಂದರೆ ಇಲ್ಲದ ಹಾಸು. ಮೇಲಿನದು ಹಾಳಾಗೋಕೇ ಇರೋದು, ಹಾಳಾದಾಗ ಬದಲಾಯಿಸ್ತಾ ಇರಬೇಕು. ಈ ಎರಡೂ ಕೆಲಸವನ್ನ ಒಂದೇ ವಸ್ತು ಮಾಡ್ಬೇಕು ಅಂತ ಹುಡುಕ್ತಾ ಹೋದ್ರೆ ಕೊನೆಗೆ ರಬ್ಬರು, ಫೋಮು, ವಿನೈಲು ಅಂತ ತಿನ್ನಬಾರದ್ದಕ್ಕೇ ಬಂದು ನಿಲ್ತೀವಿ.

ಶೆಡ್ ಗೌಡ (ತುಮಕೂರು)

ಇಷ್ಟೆಲ್ಲ ಯಾಕೆ ಸ್ವಾಮಿ. ನಾನು ಮೊಲ ಸಾಕಾಣಿಕೆ ಮಾಡ್ದವನು. ಎಲ್ಲಾ ಜಿಐ ವೆಲ್ಡ್ ಮೆಶ್, ಅಂದ್ರೆ ಸತು ಲೇಪದ ತಂತಿ ಜಾಲರಿ ಮೇಲೇ. ಹಿಕ್ಕೆ, ಉಚ್ಚೆ ಕೆಳಗೆ ಬೀಳುತ್ತೆ, ಗೊಬ್ಬರ ತೋಟಕ್ಕೆ ಹೋಗುತ್ತೆ, ಮೊಲ ಒಣಗಿದ ಜಾಗದಲ್ಲಿ ಇರುತ್ತೆ. ಕಡಿಯೋದು ಅನ್ನೋ ಮಾತೇ ಇಲ್ಲ. ಪೇಟೆಯವರು ಮೊಲಾನ ಮಗು ಮಾಡ್ಕೊಂಡಿದ್ದೀರಿ.

ಹುಲ್ಲುಹೊಟ್ಟೆ (ಶಿವಮೊಗ್ಗ, ಪಶುವೈದ್ಯೆ)

ಗೌಡ್ರೇ, ಒಣಗಿರುತ್ತೆ ಅಂದದ್ದು ಒಪ್ಪಿದೆ, ಒದ್ದೆ ನೆಲ ಜಾಲರಿಗಿಂತ ಕೆಟ್ಟದ್ದು. ಆದರೆ ಫಾರಂನಲ್ಲಿ ಮಾಂಸದ ಮೊಲ ಕೆಲವೇ ತಿಂಗಳು ಇರುತ್ತೆ, ಕಾಲು ಕೆಡುವಷ್ಟು ಕಾಲ ಬದುಕೋದೇ ಇಲ್ಲ. ಮರಿಗಾಗಿ ಇಟ್ಟ ತಾಯಿ ಮೊಲಗಳ ಹಿಂಗಾಲು ಎತ್ತಿ ನೋಡಿದ್ದೀರಾ? ಮನೆಯಲ್ಲಿ ಸಾಕಿದ್ದು ಎಂಟು ಹತ್ತು ವರ್ಷ ಬದುಕುತ್ತೆ.

ನಾಯಿ ಬೆಕ್ಕಿಗೆ ಇರುವಂಥ ಮೆತ್ತನೆ ಅಂಗಾಲು ಮೊಲಕ್ಕೆ ಇಲ್ಲ, ಇರೋದು ದಟ್ಟ ಕೂದಲು ಮಾತ್ರ. ಕೂತಾಗ ಮೈಭಾರ ಹೆಚ್ಚಾಗಿ ಬೀಳೋದು ಹಿಂಗಾಲಿನ ಹಿಮ್ಮಡಿ ಭಾಗದ ಮೇಲೆ. ತಂತಿಯ ಮೇಲೆ ಆ ಭಾರವೆಲ್ಲ ಎರಡು ಮೂರು ಗೆರೆಗಳಿಗೆ ಬೀಳುತ್ತೆ. ಮೊದಲು ಕೂದಲು ಸವೆಯುತ್ತೆ, ಆಮೇಲೆ ಚರ್ಮ ಕೆಂಪಾಗುತ್ತೆ, ಬಿರಿಯುತ್ತೆ, ಕೀವಾಗುತ್ತೆ. ಮೂಳೆಗೆ ಇಳಿದ್ರೆ ವಾಸಿ ಮಾಡೋದು ಕಷ್ಟ. ರೆಕ್ಸ್ ಜಾತಿಯವಕ್ಕೆ ಕೂದಲೇ ಗಿಡ್ಡ, ಅವಕ್ಕೆ ಬೇಗ. ದಪ್ಪಗಿರುವವು, ಉಗುರು ಕತ್ತರಿಸದೆ ಬಿಟ್ಟವು, ಸಣ್ಣ ಕೇಜಲ್ಲಿ ಕೂತೇ ಇರುವವಕ್ಕೂ ಅಷ್ಟೇ.

ಕಿವಿಯುದ್ದ ಅವರೇ, ನಿಮ್ಮ ಗಂಡಿನ ಕಾಲು ಜಾರುತ್ತೆ ಅಂದಿರಲ್ಲ, ಅದನ್ನ ಹಗುರವಾಗಿ ತಗೋಬೇಡಿ. ಮೊಲದ ಅಸ್ಥಿಪಂಜರ ಮೈತೂಕದ 8 ಪರ್ಸೆಂಟ್ ಆಸುಪಾಸು, ಬೆಕ್ಕಿನದು 12-13. ಮೂಳೆ ಹಗುರ, ಹಿಂಗಾಲಿನ ಸ್ನಾಯು ಭಾರಿ. ಜಾರೋ ನೆಲದಲ್ಲಿ ಗಾಬರಿಯಾಗಿ ಒದ್ದ ಪೆಟ್ಟಿಗೆ ತನ್ನ ಸೊಂಟದ ಮೂಳೆಯನ್ನ ತಾನೇ ಮುರ್ಕೊಂಡದ್ದನ್ನ ನೋಡಿದ್ದೀನಿ. ಹಾಗಾಗಿ ಗರಿಕೆಹುಲ್ಲು ಅವರು ಹೇಳಿದ ಮೇಲಿನ ಹಾಸು ಬರೀ ಸುಖಕ್ಕಲ್ಲ.

ಶೆಡ್ ಗೌಡ (ತುಮಕೂರು)

ತಾಯಿ ಮೊಲಕ್ಕೆ ಕಾಲು ಹುಣ್ಣಾಗೋದು ನಿಜ ಮೇಡಂ, ಅದನ್ನ ಇಲ್ಲ ಅನ್ನಲ್ಲ. ನಾವು ಒಂದು ಮೂಲೇಲಿ ಹಲಗೆ ತುಂಡು ಇಡ್ತಿದ್ವಿ, ಅದರ ಮೇಲೇ ಹೋಗಿ ಕೂರ್ತಿದ್ವು. ಹಲಗೇನೂ ಕಡೀತಿದ್ವು ಅನ್ನಿ.

ಫರಸಿಮನಿ (ಕಲಬುರಗಿ)

ನಮ್ಮ ಕಡಿ ಇದೊಂದು ಸಮಸ್ಯಾನೇ ಅಲ್ಲ ನೋಡ್ರಿ. ಎಲ್ಲಾರ ಮನ್ಯಾಗೂ ಶಹಾಬಾದ ಫರಸಿನೇ (ಹಾಸುಗಲ್ಲು) ಅದ. ಪಾಲಿಶ್ ಇಲ್ಲದ ಫರಸಿ ಜಾರಂಗಿಲ್ಲ, ಕಡೀಲಿಕ್ಕ ಬರಂಗಿಲ್ಲ. ಬ್ಯಾಸಗಿಗೆ 42, 43 ಡಿಗ್ರಿ ಬಿಸಲು ಇದ್ದಾಗ ನಮ್ಮ ಮೊಲ ಹೊಟ್ಟಿ ಹಚ್ಚಿ ಫರಸಿ ಮ್ಯಾಲೆ ಬಿದ್ದಿರ್ತದ, ಚಾದರ ಹಾಸಿದ್ರ ಕಾಲಲೇ ಸರಸಿ ಒಗಿತದ. ಥಂಡಿ ಬೇಕ್ರಿ ಅದಕ್ಕ. ಮೆತ್ತಂದು ಮೆತ್ತಂದು ಅಂತ ಎಲ್ಲಾ ಕಡಿ ಹಾಸಿಬಿಟ್ರ ನಮ್ಮ ಊರಾಗ ಮೊಲ ಉಳಿಯಂಗಿಲ್ಲ.

ಒಂದು ತ್ರಾಸ ಅದ. ಉಚ್ಚಿ ಮಾಡಿದ ಜಾಗಾದಾಗ ಬಿಳೀ ಸುಣ್ಣದಂಗ ಕಟ್ಟತದ. ವಿನೆಗರ್ ಹಾಕಿ ತಿಕ್ಕು ಅಂತ ವಿಡಿಯೋದಾಗ ಹೇಳಿದ್ರು. ಹಾಕಿದ ಕೂಡ್ಲೇ ಬುರುಬುರು ನೊರಿ ಬಂತು, ಈಗ ಅಲ್ಲೆ ಕಲ್ಲು ಮಂಕ ಆಗ್ಯದ.

ಗರಿಕೆಹುಲ್ಲು (ಮೈಸೂರು)

ಥಂಡಿ ಮಾತು ನೂರಕ್ಕೆ ನೂರು ಸರಿ. 30 ಡಿಗ್ರಿ ದಾಟಿದ್ರೆ ಮೊಲಕ್ಕೆ ಅಪಾಯ ಶುರು. ಅದಕ್ಕೆ ಬೆವರೋ ವ್ಯವಸ್ಥೆ ಇಲ್ಲ, ಕಿವಿಯಿಂದಲೇ ಶಾಖ ಆಚೆ ಹೋಗಬೇಕು. ಅರ್ಧ ಜಾಗ ಬರೀ ಕಲ್ಲು, ಅರ್ಧ ಹಾಸು ಅಂತ ಮಾಡಿದ್ರೆ ಯಾವುದು ಬೇಕೋ ಅದೇ ಆರಿಸ್ಕೊಳ್ಳುತ್ತೆ.

ನೊರೆ ಬಂದದ್ದಕ್ಕೆ ಕಾರಣ: ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಹುಳಿ ಬಿದ್ರೆ ಕಲ್ಲೇ ಕರಗುತ್ತೆ. ಮೊಲಕ್ಕೆ ಮೇವಿನಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂತ್ರದಲ್ಲೇ ಹೋಗೋದು, ಅದೇ ಆ ಬಿಳಿ ಪದರ. ಅದನ್ನ ಬಿಡಿಸೋಕೆ ವಿನೆಗರ್‌ಗಿಂತ ಒಳ್ಳೇದಿಲ್ಲ, ಆದರೆ ಗ್ರಾನೈಟು, ಟೈಲ್ಸ್ ಮೇಲೆ ಮಾತ್ರ. ಸುಣ್ಣದ ಕಲ್ಲು, ಮಾರ್ಬಲ್ಲು, ಮೊಸಾಯಿಕ್ಕು, ರೆಡ್ ಆಕ್ಸೈಡ್ ನೆಲಕ್ಕೆ ತಾಗಿಸಲೇಬಾರದು. ಅಂಥಾ ನೆಲದಲ್ಲಿ ಕಟ್ಟೋಕೆ ಮುಂಚೆಯೇ ಸೋಪು ನೀರಲ್ಲಿ ಒರೆಸಬೇಕು, ಕಟ್ಟಿದ್ರೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು ತೆಗೀಬೇಕು.

ಬ್ಲೀಚಿಂಗ್ ಪೌಡರನ್ನೂ ಉಚ್ಚೆ ಮೇಲೆ ನೇರ ಹಾಕಬೇಡಿ. ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಏಳುತ್ತೆ, ಮುಚ್ಚಿದ ಯುಟಿಲಿಟಿಯಲ್ಲಿ ನಿಮಗೂ ಕೆಮ್ಮು, ಅದಕ್ಕೂ ಕೆಮ್ಮು.

ಕಡಲತಡಿ (ಉಡುಪಿ)

ನಮ್ಮಲ್ಲಿ ಕಥೆಯೇ ಬೇರೆ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಬೆವರ್ತದೆ. ಹಾಸಿದ ಬಟ್ಟೆ ಒಣಗುದಿಲ್ಲ, ಬೈಹುಲ್ಲು ಹಾಕಿದ್ರೆ ಎರಡೇ ದಿನಕ್ಕೆ ಬೂಷ್ಟು. ಒದ್ದೆ ಹಾಸಿನ ಮೇಲೆ ಕೂತು ಕೂತು ಹಿಂಬದಿ ಕೊಳೆಯಾದ್ರೆ ನೊಣ ಬಂದು ಮೊಟ್ಟೆ ಇಡ್ತದೆ, ಒಂದೇ ದಿನದಲ್ಲಿ ಹುಳ ಆಗ್ತದೆ. ಹೇಳ್ಲಿಕ್ಕೇ ಮೈ ಜುಂ ಅಂತದೆ. ಹಾಗಾಗಿ ಮಳೆಗಾಲಕ್ಕೆ ನಾವು ಹಾಸೆಲ್ಲ ತೆಗೆದು ಬರೀ ಆ್ಯಂಟಿ ಸ್ಕಿಡ್ ಟೈಲ್ಸ್ ಮೇಲೆ ಬಿಡುದು, ಬಚ್ಚಲಿಗೆ ಹಾಕುವಂಥದ್ದೇ. ಕೂರುವ ಒಂದು ಜಾಗದಲ್ಲಿ ಮಾತ್ರ ಮಡಚಿದ ಹತ್ತಿ ಬಟ್ಟೆ, ದಿನಾ ಬದಲು. ಎಂತ ಹಾಸುದು ಎನ್ನುವುದಕ್ಕಿಂತ ಎಷ್ಟು ಸಲ ಬದಲಾಯಿಸ್ಲಿಕ್ಕೆ ಆಗ್ತದೆ ಅಂತ ಮೊದಲು ನೋಡಿ.

ಇನ್ನೊಂದು, ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್ ಉಂಟಲ್ಲ, ಅದರ ಬಗ್ಗೆ ಯಾರಿಗಾದ್ರೂ ಅನುಭವ ಉಂಟಾ? ಒಂದೂವರೆ ಇಂಚು ಹತ್ರ ದಪ್ಪ, ದನ ತುಳಿದ್ರೂ ಆಗುದಿಲ್ಲ.

ಶೆಡ್ ಗೌಡ (ತುಮಕೂರು)

ಕೌ ಮ್ಯಾಟ್ ಸಾಮಾನ್ಯವಾಗಿ ಅಷ್ಟು ದಪ್ಪ ಬರಲ್ಲ, ಮುಕ್ಕಾಲು ಇಂಚಿಂದ ಒಂದು ಇಂಚು ಇರುತ್ತೆ. ದನ ತುಳಿಯುತ್ತೆ, ಕಡಿಯಲ್ಲ. ಮೊಲ ಕಡಿಯುತ್ತೆ. ಅದೂ ಹಳೇ ಟೈರ್ ಪುಡಿ ಮಾಡಿ ಒತ್ತಿದ ಮಾಲಾದ್ರೆ ಅಂಚಿಂದ ಕಾಳು ಕಾಳಾಗಿ ಉದುರುತ್ತೆ.

ಆಡಿನ ಶೆಡ್ಡಿಗೆ ಹಾಕೋ ಪ್ಲಾಸ್ಟಿಕ್ ಸ್ಲ್ಯಾಟು ಕೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ: ಅದರ ಸೀಳು ಆಡಿನ ಗೊರಸಿಗೆ ಮಾಡಿದ್ದು. ಮೊಲದ ಕಾಲು ಒಳಗೆ ಇಳಿದು ಸಿಕ್ಕಿಹಾಕ್ಕೊಳ್ಳುತ್ತೆ.

ಗರಿಕೆಹುಲ್ಲು (ಮೈಸೂರು)

ರಬ್ಬರ್ ಮ್ಯಾಟನ್ನ ಕಲ್ಲಿನ ಕೆಳಗೆ ಹಾಕಬಹುದು, ಕಲ್ಲು ಅಲ್ಲಾಡದ ಹಾಗೆ. ಮೇಲೆ ಬೇಡ.

ಪಿವಿಸಿ ಪರ (ಹುಬ್ಬಳ್ಳಿ)

ಎಲ್ಲಾರೂ ವಿನೈಲ್ ಬೈತೀರಿ, ನನ್ನ ಮಾತೂ ಸ್ವಲ್ಪ ಕೇಳ್ರಿ. ಮೀಟರ್ ಲೆಕ್ಕದಾಗ ಸಿಗೋ ತೆಳ್ಳನೆ ಪಿವಿಸಿ ಹಾಳೆ ಬ್ಯಾರೆ, ಅದು ಕತ್ತರಿಗೇ ಹರೀತದ. ದಪ್ಪನೆ ಕಮರ್ಷಿಯಲ್ ವಿನೈಲ್ ಶೀಟ್ ಬ್ಯಾರೆ. ನಾನು ಜೋಡಣೆ ಇಲ್ಲದ ಒಂದೇ ಶೀಟ್ ಹಾಸಿ, ನಾಲ್ಕೂ ಕಡೆ ಬೇಲಿಯಿಂದ ಅರ್ಧ ಅಡಿ ಹೊರಗ ಬಿಟ್ಟೀನಿ. ಮೊಲಕ್ಕ ತುದಿನೇ ಕಾಣಂಗಿಲ್ಲ. ಎರಡು ವರ್ಷದ ಮ್ಯಾಲಾತು, ಒಂದು ಹಲ್ಲಿನ ಗುರುತಿಲ್ಲ. ಅಂಚು ಅಂಚು ಅಂತ ನೀವೇ ಹೇಳ್ತೀರಿ, ಅಂಚು ಹೊರಗಿದ್ರ ವಿನೈಲ್ ಯಾಕ ಬ್ಯಾಡ?

ಗರಿಕೆಹುಲ್ಲು (ಮೈಸೂರು)

ನ್ಯಾಯವಾದ ಪ್ರಶ್ನೆ. ನಿಮ್ಮ ಹಾಗೆ ಒಂದೇ ಶೀಟು, ತುದಿ ಬೇಲಿ ಆಚೆ ಇದ್ರೆ ನಡೆಯುತ್ತೆ. ಎರಡು ಎಚ್ಚರ ಮಾತ್ರ ಹೇಳ್ತೀನಿ. ಅಗೆಯೋ ಅಭ್ಯಾಸ ಇರೋ ಹೆಣ್ಣಾದ್ರೆ ನಡುವಿನಲ್ಲೇ ಉಗುರಿನಿಂದ ಗೆರೆ ಎಬ್ಬಿಸಬಹುದು. ಆಪರೇಷನ್ ಆಗದ ಹೆಣ್ಣುಗಳಲ್ಲಿ ಈ ಅಗೆತ ಜಾಸ್ತಿ. ಮತ್ತೆ ಪಿವಿಸಿಯನ್ನ ಮೆತ್ತಗೆ ಮಾಡೋಕೆ ಬೆರೆಸೋ ಎಣ್ಣೆಯಂಥ ರಾಸಾಯನಿಕಗಳು ತಿನ್ನೋಕೆ ಯೋಗ್ಯ ಅಲ್ಲ, ಒಂದು ಸಲ ಸಿಪ್ಪೆ ಎದ್ದದ್ದು ಕಂಡ್ರೆ ತೇಪೆ ಹಾಕದೆ ತೆಗೆದುಬಿಡಿ. ಕಿವಿಯುದ್ದ ಅವರ ಜಾಗಕ್ಕೆ ಮೂರು ಕಡೆ ಗೋಡೆ ಇರಬೇಕು, ಅಲ್ಲಿ ತುದಿಯನ್ನ ಆಚೆ ಬಿಡೋಕೆ ಜಾಗ ಎಲ್ಲಿ?

ದೂರದೂರು (ಲೀಡ್ಸ್)

ಇಲ್ಲಿ ನಮ್ಮ ಬಾಡಿಗೆ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಮೂಲೆಯಿಂದ ಎಳೆ ಎಳೆಯಾಗಿ ಕಿತ್ತು ತಿನ್ನುತ್ತೆ ಅಂತ ಅದರ ಮೇಲೆ ವಿನೈಲ್ ಹಾಸಿ, ಬೇಲಿಯ ಕಾಲುಗಳನ್ನ ಅದರ ಮೇಲೇ ಕೂರಿಸಿದ್ದೇವೆ. ಹುಬ್ಬಳ್ಳಿಯವರು ಹೇಳಿದ ವಿಧಾನವೇ, ನಡೀತಿದೆ.

ಅಳತೆ ವಿಷಯ ಯಾರೂ ಎತ್ತಲಿಲ್ಲ. ಇಲ್ಲಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಇರಲಿ ಅನ್ನುತ್ತೆ. 4x7 ಅಡಿ ಅದರ ಅರ್ಧಕ್ಕಿಂತ ಕಡಿಮೆ. ಬಾಗಿಲು ತೆಗೆದು ದಿನಾ ಮನೆಯೊಳಗೂ ಬಿಡ್ತೀರಿ ತಾನೇ? ಹಾಗಾದ್ರೆ ಅಡುಗೆಮನೆ ನೆಲವನ್ನೂ ಲೆಕ್ಕಕ್ಕೆ ಹಿಡೀಬೇಕು.

ಕಿವಿಯುದ್ದ (ಬೆಂಗಳೂರು)

ಫೋಮ್ ಮ್ಯಾಟ್ ಎತ್ತಿ ಆಯ್ತು. ಹಿಕ್ಕೆ ಸರಿಯಾಗಿದೆ, ಹುಲ್ಲೂ ತಿಂತಿವೆ. ಹೌದು, ಬೆಳಗ್ಗೆ ಸಂಜೆ ಹಾಲ್‌ಗೆ ಬಿಡ್ತೀವಿ. ಜಾಗಕ್ಕೆ ಮೂರು ಕಡೆ ಗೋಡೆ, ಒಂದು ಕಡೆ ಗ್ರಿಲ್, ಮಧ್ಯಾಹ್ನ ಮೇಲೆ ಗ್ರಿಲ್ ಕಡೆಯಿಂದ ಬಿಸಿಲು ಬರುತ್ತೆ. ಒಂದು ಮೂಲೆಯಲ್ಲಿ ನೀರು ಹೋಗೋ ಜಾಲಿ ಇದೆ.

ಪ್ಲೈವುಡ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಇನ್ನು ಕಲ್ಲು ಅಂದ್ರೆ ಟೈಲ್ಸ್ ಕಿತ್ತು ಕೂರಿಸಬೇಕಾ? ಓನರ್ ಒಪ್ಪಲ್ಲ.

ಕರಣೆ (ಹಾಸನ, ಟೈಲ್ಸ್ ಕೆಲಸ)

ಸಾರ್, ನಾನು ಮೊಲ ಸಾಕಿಲ್ಲ, ನಮ್ಮ ಮಗಳು ಸಾಕ್ತಾಳೆ. ನೆಲದ ಕೆಲಸ ಮಾತ್ರ ನನಗೆ ಗೊತ್ತು, ಅದನ್ನ ಹೇಳ್ತೀನಿ.

ಪ್ಲೈವುಡ್ ಬೇಡ. ಮರೈನ್ ಪ್ಲೈ ಅಂದ್ರೂ ಅದು ಪದರ ಪದರ ಅಂಟಿಸಿದ್ದು, ಕೊಯ್ದ ಅಂಚಿಂದ ಉಚ್ಚೆ ಎಳ್ಕೊಳ್ಳುತ್ತೆ, ಉಬ್ಬುತ್ತೆ, ಆಮೇಲೆ ಪದರ ಬಿಡುತ್ತೆ. ಬಿಟ್ಟ ಪದರಾನ ಮೊಲ ಬಿಡುತ್ತಾ? ಅಂಟು ಸಮೇತ ತಿನ್ನುತ್ತೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಂತೂ ನೀರು ಬಿದ್ರೆ ಬಿಸ್ಕತ್ತು.

ಟೈಲ್ಸ್ ಕೀಳೋದು ಬೇಡ. ಗ್ರಾನೈಟ್ ಅಂಗಡೀಲಿ ಕಿಚನ್ ಸ್ಲ್ಯಾಬ್ ಕೊಯ್ದು ಮಿಕ್ಕ ಕಟ್ ಪೀಸ್ ಇರ್ತಾವೆ, ಜಿಗಣಿ ಕಡೆ ಹೋದ್ರೆ ರಾಶಿನೇ. ಪಾಲಿಶ್ ಮಾಡಿದ್ದು ತಗೋಬೇಡಿ, ಜಾರುತ್ತೆ. ಲೆದರ್ ಫಿನಿಶ್ ಕೇಳಿ, ಕೈಗೆ ಸಣ್ಣ ಏರಿಳಿತ ಸಿಗುತ್ತೆ, ಚುಚ್ಚಲ್ಲ. ಫ್ಲೇಮ್ಡ್ ಅಂತ ಇನ್ನೊಂದು ಬರುತ್ತೆ, ಮೆಟ್ಟಿಲಿಗೆ, ಕಾರ್ ನಿಲ್ಸೋ ಜಾಗಕ್ಕೆ ಹಾಕ್ತೀವಿ, ಅದು ಉಪ್ಪುಕಾಗದ ಇದ್ದಂಗೆ. ಮೊಲದ ಕಾಲಿಗೆ ಒಗ್ಗಲ್ಲ.

ತೂಕ ನೋಡ್ಕೊಳ್ಳಿ. 18 ಎಂಎಂ ಗ್ರಾನೈಟು ಚದರಡಿಗೆ ನಾಲ್ಕೂವರೆ ಕೆಜಿ ಮೇಲೆ ಬರುತ್ತೆ. 2x2 ಅಡಿ ತುಂಡು 18 ಕೆಜಿ, ಇಬ್ರು ಹಿಡಿದ್ರೆ ಸುಲಭ. ಇಡೀ 28 ಚದರಡಿಗೂ ಹಾಕಿದ್ರೆ 130 ಕೆಜಿ ಹತ್ರ. ನೆಲಕ್ಕೆ ಅದೇನೂ ಭಾರ ಅಲ್ಲ, ಎರಡು ಮಹಡಿ ಹತ್ತಿಸೋನಿಗೆ ಭಾರ.

ಸಿಮೆಂಟ್ ಹಾಕ್ದೆ ಹಂಗೇ ಹಾಸಿ. ಆದರೆ ಯುಟಿಲಿಟಿ ನೆಲ ನಾನಿ ಟ್ರ್ಯಾಪ್ (ನೀವು ಹೇಳಿದ ನೀರು ಹೋಗೋ ಜಾಲಿ) ಕಡೆಗೆ ಇಳಿಜಾರು ಇರುತ್ತೆ, ಸ್ಲ್ಯಾಬ್ ನಾಲ್ಕು ಮೂಲೆ ಕೂರಲ್ಲ, ಕಟಕಟ ಅನ್ನುತ್ತೆ. ಕೆಳಗೆ ತೆಳು ರಬ್ಬರ್ ಶೀಟ್ ಹಾಕಿ, ಸ್ಲ್ಯಾಬಿಗಿಂತ ಒಂದು ಇಂಚು ಒಳಗೇ ನಿಲ್ಲಬೇಕು, ಹೊರಗೆ ಕಾಣಬಾರದು. ಟ್ರ್ಯಾಪ್ ಮೇಲೆ ಮುಚ್ಚಬೇಡಿ, ಆ ಮೂಲೆಗೆ ಒಂದು ಸಣ್ಣ ತುಂಡು ಬೇರೆ ಮಾಡಿಸಿ, ಎತ್ತಿ ಕ್ಲೀನ್ ಮಾಡೋಕೆ ಬರಬೇಕು. ತುಂಡಿಗೂ ತುಂಡಿಗೂ 2 ಎಂಎಂ ಸಂದು ಬಿಟ್ಟು ಸಿಲಿಕೋನ್ ತುಂಬಿ, ಕಲ್ಲಿನ ಮಟ್ಟಕ್ಕಿಂತ ಒಂದು ಕೂದಲು ಕೆಳಗೆ ಒರೆಸಿಬಿಡಿ. ಅಷ್ಟು ಕಿರಿದು ಸಂದಿಯೊಳಗೆ ಹಲ್ಲು ಹೋಗಲ್ಲ. ಮನೆ ಬಿಡೋವಾಗ ಬ್ಲೇಡಲ್ಲಿ ಕೊಯ್ದು ಎತ್ಕೊಂಡು ಹೋಗಿ.

ಸ್ವಂತ ಮನೆಯವರು ಓದ್ತಿದ್ರೆ: ಆ್ಯಂಟಿ ಸ್ಕಿಡ್ ಟೈಲ್ಸ್ ಹಾಕಿಸಿ, ಆದರೆ ಸಂದಿಗೆ ತುಂಬೋ ಗ್ರೌಟು ಎಪಾಕ್ಸಿದೇ ಕೇಳಿ. ಸಿಮೆಂಟ್ ಗ್ರೌಟು ಉಚ್ಚೆ ಕುಡಿಯುತ್ತೆ. ಟೈಲ್ಸ್ ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ ಅಂತ ನನ್ನ ಕರೀತಾರೆ, ಹೋಗಿ ನೋಡಿದ್ರೆ ಗೆರೆ ತುಂಬ ಹಳದಿ.

ಪಿವಿಸಿ ಪರ (ಹುಬ್ಬಳ್ಳಿ)

ಕರಣೆ ಅಣ್ಣಾರ, ಗ್ವಾಡಿಗೆ ಹಚ್ಚಿದ ಸ್ಕರ್ಟಿಂಗ್ ಮ್ಯಾಲಿನ ಅಂಚು ಏನ್ ಮಾಡೂದು? ನಮ್ಮದು ನೆಲ ಬಿಟ್ಟು ಗ್ವಾಡಿ ಪುಟ್ಟಿ ಕೆರಕೊಂಡು ತಿಂತದ.

ಕರಣೆ (ಹಾಸನ, ಟೈಲ್ಸ್ ಕೆಲಸ)

ಅಲ್ಯೂಮಿನಿಯಂ ಎಲ್ ಪಟ್ಟಿ ಬರುತ್ತೆ, ಒಂದಿಂಚು ಒಂದಿಂಚಿಂದು, ಅದನ್ನ ಅಂಚಿನ ಮೇಲೆ ಕೂರಿಸಿ ಅಂಟಿಸಿ. ಪಟ್ಟಿ ತುದಿ ಬಾಗಿಲ ಹತ್ರ ಬಂದು ನಿಂತ್ರೆ ಚೂಪು ಇರುತ್ತೆ, ಫೈಲ್ ಹಾಕಿ ಉಜ್ಜಿ. ಪುಟ್ಟಿ ತಿನ್ನೋದಕ್ಕೆ ಎರಡಡಿ ಎತ್ತರಕ್ಕೆ ಟೈಲ್ಸ್ ತುಂಡನ್ನ ಗೋಡೆಗೆ ಒರಗಿಸಿ ಇಟ್ರೂ ಸಾಕು, ಬೀಳದ ಹಾಗೆ.

ಹುಲ್ಲುಹೊಟ್ಟೆ (ಶಿವಮೊಗ್ಗ, ಪಶುವೈದ್ಯೆ)

ಹಳೇ ಮನೆಯವರು ಗೋಡೆ ಬಣ್ಣದ ಬಗ್ಗೆ ಎಚ್ಚರ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು, ಮೊಲ ಅದನ್ನ ಕೆರೆದು ತಿಂದ್ರೆ ವಿಷ.

ಕಿವಿಯುದ್ದ (ಬೆಂಗಳೂರು)

ಕರಣೆ ಅಣ್ಣ, ತುಂಬಾ ಥ್ಯಾಂಕ್ಸ್. ಇದು ತಲೆಗೆ ಹೊಕ್ತು. ಗ್ರಾನೈಟ್ ಬದಲು ಕಡಪ ಆಗಲ್ವಾ? ನಮ್ಮ ಏರಿಯಾದಲ್ಲೇ ಸಿಗುತ್ತೆ.

ಗರಿಕೆಹುಲ್ಲು (ಮೈಸೂರು)

ನಿಮ್ಮಲ್ಲಿ ಮಧ್ಯಾಹ್ನದ ಬಿಸಿಲು ಬೀಳುತ್ತೆ ಅಂದ್ರಿ. ಕಪ್ಪು ಕಡಪ ಬಿಸಿಲಿಗೆ ಕಾದ ಹೆಂಚು. ಮೊದಲು ಗ್ರಿಲ್‌ಗೆ ಬಿದಿರಿನ ಪರದೆನೋ ಗ್ರೀನ್ ನೆಟ್ಟೋ ಕಟ್ಟಿ, ಕಲ್ಲು ಯಾವುದೇ ಆದ್ರೂ ನೆರಳು ಬೇಕೇ ಬೇಕು. ಆಮೇಲೆ ವಿನೆಗರ್ ವಿಷಯ ನೆನಪಿದೆಯಲ್ಲ, ಎರಡು ಮೊಲದ ಉಚ್ಚೆ ಅಂದ್ರೆ ವಾರಕ್ಕೊಮ್ಮೆಯಾದ್ರೂ ಬೇಕಾಗುತ್ತೆ. ತಿಳಿ ಬಣ್ಣದ ಗ್ರಾನೈಟೇ ವಾಸಿ.

ಇನ್ನು ಮೇಲಿನ ಹಾಸು. ಇದರಲ್ಲೇ ಜನ ಹೆಚ್ಚು ಎಡವೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈಚಲ ಚಾಪೆ. ಪೂರ್ತಿ ಗರಿ, ಗರಿಯಿಂದಲೇ ಹೆಣಿಗೆ. ಬೆನ್ನಿಗೆ ಹಿಡಿತ ಸಿಗುತ್ತೆ ಅಂತ ನಾವು ಮಲಗ್ತಿದ್ದದ್ದು, ಮೊಲದ ಕಾಲಿಗೂ ಅದೇ ಹಿಡಿತ. ಅಂಚಿಂದ ಕಡೀತಾ ಬರುತ್ತೆ, ಕಡಿಯಲಿ, ಅದು ಗರಿ ಅಷ್ಟೇ. ಕೋರೆ ಹುಲ್ಲಿನ ಚಾಪೆ ಕೊಳ್ಳೋವಾಗ ಮಾತ್ರ ಉದ್ದಕ್ಕೆ ಹೋಗೋ ದಾರ ನೋಡಿ. ಈಗ ಬರೋದರಲ್ಲಿ ಸುಮಾರು ನೈಲಾನ್ ದಾರವೇ. ಒಂದು ಎಳೆ ಬಿಚ್ಚಿ ಬೆಂಕಿಗೆ ಹಿಡೀರಿ, ಕರಗಿ ಗುಂಡಾದ್ರೆ ನೈಲಾನು, ಬೂದಿಯಾದ್ರೆ ಹತ್ತಿ. ಬಣ್ಣಬಣ್ಣದ ಪ್ಲಾಸ್ಟಿಕ್ ಚಾಪೆ ಹೆಸರಿಗಷ್ಟೇ ಚಾಪೆ. ತೆಂಗಿನ ನಾರಿನ ಡೋರ್ ಮ್ಯಾಟು ತಿರುಗಿಸಿ ನೋಡಿ, ಬೆನ್ನಿಗೆ ರಬ್ಬರ್ ಮೆತ್ತಿರ್ತಾರೆ, ಮೇಲಿನ ನಾರು ಕಾಲಿಗೆ ಒರಟು. ಗೋಣಿಚೀಲದ ನೇಯ್ಗೆ ಸಡಿಲ, ಉಗುರು ಸಿಕ್ಕಿ ಎಳೆದು ಕಿತ್ಕೊಂಡದ್ದನ್ನ ಕಂಡಿದ್ದೀನಿ.

ಬಟ್ಟೆ ಹಾಸೋದಾದ್ರೆ ನುಣ್ಣಗೆ ನೇಯ್ದ ಹಳೇ ಹತ್ತಿ ಪಂಚೆ, ಬೆಡ್‌ಶೀಟು. ಮಡಚಿದಾಗ ಮಡಿಕೆ ಕಡೆ ಮೊಲದ ಮುಖ ಇರಲಿ, ಕತ್ತರಿಸಿದ ಎಳೆ ಗೋಡೆ ಕಡೆಗೆ. ಕಡಿಯೋ ಚಟ ಇದ್ದು ನುಂಗ್ತಿದ್ರೆ ಬಟ್ಟೆಯೂ ಬೇಡ.

ಹಾಗೆಯೇ ಗೂಡಿನ ಒಂದು ಮೂಲೆಗೆ ಟ್ರೇ ಇಟ್ಟು ಕೆಳಗೆ ಪೇಪರ್ ಹಾಸಿ ಮೇಲೆ ದಪ್ಪಗೆ ಒಣಹುಲ್ಲು ಹಾಕಿ. ತಿನ್ನೋ ಹುಲ್ಲು ಅಲ್ಲೇ ಪಕ್ಕಕ್ಕೆ ತೂಗುಹಾಕಿ. ತಿನ್ನುತ್ತಾ ಹಿಕ್ಕೆ ಹಾಕೋದು ಅವುಗಳ ರೂಢಿ, ಉಚ್ಚೆಯೂ ಅಲ್ಲೇ ಆಗುತ್ತೆ. ಆಪರೇಷನ್ ಆದ ಮೊಲ ಬೇಗ ಕಲಿಯುತ್ತೆ. ಟ್ರೇ ಅಭ್ಯಾಸ ಆದ್ರೆ ನೆಲದ ಚಿಂತೆ ಅರ್ಧ ಹೋಯ್ತು. ಬೆಕ್ಕಿಗೆ ಹಾಕೋ ಮಣ್ಣಿನ ಲಿಟರ್ ಮಾತ್ರ ಬೇಡ, ತೇವ ತಾಗಿದ್ರೆ ಗಟ್ಟಿ ಕಟ್ಟೋ ಮಾಲು ಅದು, ಹೊಟ್ಟೆಯಲ್ಲೂ ಹಾಗೇ ಕಟ್ಟುತ್ತೆ.

ಫರಸಿಮನಿ (ಕಲಬುರಗಿ)

ನಮ್ಮ ಅವ್ವ ಕೌದಿ ಹಾಸ್ತಾಳ್ರಿ. ಮೊಲ ಅದರ ಮ್ಯಾಲೇ ಮಲಗತದ. ನಡೀತದೇನು?

ಗರಿಕೆಹುಲ್ಲು (ಮೈಸೂರು)

ಅವ್ವ ಯಾವ ಸೀರೆಯಲ್ಲಿ ಹೊಲಿದಿದ್ದಾರೆ ಕೇಳಿ. ಎಲ್ಲಾ ಪದರವೂ ಹತ್ತಿ ಆಗಿದ್ದು, ಮೊಲ ಹೊಲಿಗೆ ದಾರ ಎಳೀದೇ ಇದ್ರೆ ಕೌದಿಯಷ್ಟು ಒಳ್ಳೆ ಹಾಸಿಗೆ ಕಾಲು ಹುಣ್ಣಾದ ಮೊಲಕ್ಕೆ ಇನ್ನೊಂದಿಲ್ಲ. ಪಾಲಿಯೆಸ್ಟರ್ ಸೀರೆ ಸೇರಿದ್ರೆ ಬೇಡ. ಒಗೆದು ಒಣಗಿಸೋಕೆ ನಿಮ್ಮೂರ ಬಿಸಿಲು ಹೇಗೂ ಇದೆ.

ಕಡಲತಡಿ (ಉಡುಪಿ)

ಕಡಿಯುವ ಬುದ್ಧಿಗೆ ಕಡಿಯಲಿಕ್ಕೆ ಬೇರೆ ಎಂತಾದ್ರೂ ಕೊಡ್ಲೇಬೇಕು ಅಲ್ವಾ? ನಾವು ಪೇರಳೆ ಕೊಂಬೆ ಹಾಕುದು. ಸಿಪ್ಪೆ ಸುಲಿದು ಸುಲಿದು ಬಿಳೀ ಮಾಡಿ ಇಡ್ತದೆ.

ಕಿವಿಯುದ್ದ (ಬೆಂಗಳೂರು)

ಪೇರಳೆ ಅಂದ್ರೆ ಸೀಬೆ ಅಲ್ವಾ? ನಮ್ಮ ಅತ್ತೆ ಊರು ರಾಮನಗರದ ಹತ್ರ, ಅಲ್ಲಿ ಹಿಪ್ಪುನೇರಳೆ ತೋಟಗಳಿವೆ. ಕತ್ತರಿಸಿದ ಕಡ್ಡಿ ತರಬಹುದಾ?

ಹುಲ್ಲುಹೊಟ್ಟೆ (ಶಿವಮೊಗ್ಗ, ಪಶುವೈದ್ಯೆ)

ಹಿಪ್ಪುನೇರಳೆ ಸೊಪ್ಪು, ಕಡ್ಡಿ ಎರಡೂ ಒಳ್ಳೇದು. ರೇಷ್ಮೆಹುಳಕ್ಕೆ ಕೊಡೋ ತೋಟ ಆದ್ರೆ ಔಷಧಿ ಹೊಡೆಯೋದರಲ್ಲಿ ಅವರೂ ಎಚ್ಚರವಾಗಿಯೇ ಇರ್ತಾರೆ, ಆದ್ರೂ ಯಾವಾಗ ಹೊಡೆದರು ಅಂತ ಕೇಳಿ ತನ್ನಿ. ಸೊಪ್ಪು ಮಿತವಾಗಿ, ಮುಖ್ಯ ಆಹಾರ ಹುಲ್ಲೇ. ಹಲ್ಲು ಸವೆಯೋದೂ ಹುಲ್ಲು ಅರೆದು ಅರೆದು, ಕಟ್ಟಿಗೆ ಕಡಿದು ಅಷ್ಟಾಗಿ ಅಲ್ಲ.

ಹೊಸ ನೆಲ ಹಾಕಿದ ಮೇಲೆ ವಾರಕ್ಕೊಮ್ಮೆ ಹಿಂಗಾಲು ನೋಡಿ. ಮೊಲವನ್ನ ಅಂಗಾತ ಮಲಗಿಸಬೇಡಿ, ಹೆದರುತ್ತೆ. ತೊಡೆ ಮೇಲೆ ಕೂರಿಸ್ಕೊಂಡು, ಹಿಂಭಾಗಕ್ಕೆ ಒಂದು ಕೈ ಕೊಟ್ಟು, ಇನ್ನೊಬ್ಬರು ಒಂದೊಂದೇ ಕಾಲು ನೋಡಲಿ. ಕೂದಲನ್ನ ಊದಿ ಬಿಡಿಸಿ. ಹಿಮ್ಮಡಿಯಲ್ಲಿ ಕಾಳಿನಷ್ಟು ಬೋಳು ಜಾಗ, ಒಣಗಿ ತಿಳಿ ಬಣ್ಣದಲ್ಲಿದ್ರೆ ಸಾಮಾನ್ಯ. ಕೆಂಪು, ಬಿಸಿ, ಊತ, ಹಕ್ಕಳೆ, ಇದರಲ್ಲಿ ಒಂದು ಕಂಡ್ರೂ ಕರ್ಕೊಂಡು ಬನ್ನಿ.

ಕಿವಿಯುದ್ದ (ಬೆಂಗಳೂರು)

ಇವತ್ತು ಸ್ಲ್ಯಾಬ್ ಬುಕ್ ಮಾಡಿದೆ. ಲೆದರ್ ಫಿನಿಶ್, ಬೂದು ಬಣ್ಣ, ಬೇರೆ ಬೇರೆ ಕಿಚನ್‌ನಿಂದ ಮಿಕ್ಕ ತುಂಡುಗಳು, ಒಂದಕ್ಕೊಂದು ಬಣ್ಣ ಮ್ಯಾಚ್ ಆಗಲ್ಲ, ಮೊಲಕ್ಕೆ ಗೊತ್ತಾಗಲ್ಲ ಬಿಡಿ. ಗ್ರಿಲ್‌ಗೆ ಗ್ರೀನ್ ನೆಟ್ ಕಟ್ಟಿ ಆಯ್ತು. ಈಚಲ ಚಾಪೆ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಆನ್‌ಲೈನ್‌ನಲ್ಲಿ ಬರೀ ಯೋಗಾ ಮ್ಯಾಟ್ ತೋರಿಸ್ತಿದೆ.

ಅಂಗಡಿಯವನು ಎಡ್ಜ್ ಮೋಲ್ಡಿಂಗ್ ಬೇಕಾ ಅಂತ ಕೇಳಿದ, ಅದಕ್ಕೆ ಬೇರೆ ದುಡ್ಡಂತೆ. ಬೇಕಾ?

ಶೆಡ್ ಗೌಡ (ತುಮಕೂರು)

ಚಾಪೆ ಮಾರ್ಕೆಟ್ ಕಡೆ ಬುಟ್ಟಿ, ಮೊರ ಮಾರೋರ ಹತ್ರ ಕೇಳಿ. ಇಲ್ಲಾಂದ್ರೆ ಊರ ಕಡೆ ಸಂತೆಗೆ ಬನ್ನಿ, ಹಬ್ಬ ಜಾತ್ರೆ ಸಮಯದಲ್ಲಿ ಖಂಡಿತ ಬರುತ್ತೆ. ಮೆತ್ತಗೆ ಹೆಣೆದದ್ದು ನೋಡ್ಕೊಂಡು ತಗೊಳ್ಳಿ, ಗರಿ ತುದಿ ಮುಳ್ಳು ಉಳಿದಿದ್ರೆ ಕೈಯಾಡಿಸಿದಾಗ ಗೊತ್ತಾಗುತ್ತೆ.

ಕರಣೆ (ಹಾಸನ, ಟೈಲ್ಸ್ ಕೆಲಸ)

ಮೋಲ್ಡಿಂಗ್ ಬೇಡ ಸಾರ್, ಅದು ಕಿಚನ್ ಕಟ್ಟೆಗೆ, ಅಂದಕ್ಕೆ ಮಾಡಿಸೋದು. ಮೇಲಿನ ಚೂಪು ಮಾತ್ರ ಮುರಿದು ಕೊಡಿ ಅನ್ನಿ, ಗ್ರೈಂಡರ್ ಒಂದು ಸಲ ಎಳೆದ್ರೆ ಆಯ್ತು. ಬಾಗಿಲ ಕಡೆ ಬರೋ ತುಂಡಿಗಂತೂ ಮಾಡಿಸಲೇಬೇಕು, ಹಾಲ್‌ಗೆ ನೆಗೆಯೋವಾಗ ಕಾಲು ತಾಗೋದು ಅಲ್ಲೇ. ಅಳತೆ ಕೊಡೋವಾಗ ಮೂರೂ ಗೋಡೆ ಹತ್ರ ಟೇಪ್ ಹಿಡಿದು ಬೇರೆ ಬೇರೆ ಅಳೀರಿ, ಯಾವ ಫ್ಲಾಟಲ್ಲೂ ಮೂಲೆ ಮಟ್ಟಗೋಲಿಗೆ ಸರಿ ಇರಲ್ಲ.